ಕಾರ್ನರ್ ಆಟಗಾರನ ಆಯ್ಕೆ (ಕಬಡ್ಡಿ)

ಕಾಲೇಜು ತಂಡದಲ್ಲಿ ಮೂಲೆ ಕಾಯುವ ಹುಡುಗ ವೃತ್ತಿಪರ ಲೀಗಿಗೆ ಒದಗುವನೇ ಎಂದು ಅಳೆಯುವ ಕ್ರಮ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಗಿ, ಬೆಂಗಳೂರು ಬುಲ್ಸ್‌ನಂಥ ತಂಡಗಳು ಹರಾಜಿನಲ್ಲಿ ಆಟಗಾರರನ್ನು ಕೊಳ್ಳತೊಡಗಿದ ಮೇಲೆ ಇದಕ್ಕೆ ತೂಕ ಬಂತು.

ಏಳು ಜನರ ಸಾಲಿನ ಎರಡು ತುದಿಗಳಲ್ಲಿ ಕಾರ್ನರ್‌ಗಳು ನಿಲ್ಲುತ್ತಾರೆ. ಎದುರಾಳಿ ತಂಡದಿಂದ ಮುಟ್ಟಲು ಬಂದ ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದ ಕ್ಷಣಕ್ಕೆ ಬಗ್ಗಿ, ಕಣಕಾಲನ್ನು ಎರಡೂ ಕೈಯಿಂದ ಬಿಗಿಹಿಡಿದು ತನ್ನತ್ತ ಎಳೆಯಬೇಕು. ಅರೆಕ್ಷಣ ಮೊದಲೇ ನುಗ್ಗಿದರೆ ರೈಡರ್ ಮುಟ್ಟಿ ಪಾರಾಗುತ್ತಾನೆ. ಆದ್ದರಿಂದ ಎಷ್ಟು ಹಿಡಿದ ಎಂಬುದಕ್ಕಿಂತ ಎಷ್ಟು ಯತ್ನಕ್ಕೆ ಎಷ್ಟು ಹಿಡಿದ ಎಂಬ ಲೆಕ್ಕವೇ ನಂಬಲರ್ಹ. ಪಕ್ಕದ ಕವರ್ ಆಟಗಾರ ಎಷ್ಟು ಬೇಗ ನೆರವಿಗೆ ಬಂದ ಎಂಬುದನ್ನೂ ಕಳೆದು ನೋಡಬೇಕು. ಅಂಕಣದಲ್ಲಿ ತನ್ನ ತಂಡದ ಮೂವರು ಅಥವಾ ಅದಕ್ಕೂ ಕಡಿಮೆ ಜನ ಉಳಿದಾಗ ಹಿಡಿದರೆ ಎರಡು ಅಂಕ. ಎದೆಗಾರಿಕೆ ಕಾಣುವುದು ಅಲ್ಲಿ.

ಗುಳೇದಗುಡ್ಡ, ಬಾದಾಮಿ, ಹುನಗುಂದ ಸೀಮೆಯಲ್ಲಿ ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಪಳಗಿದವನನ್ನು ಬೂಟು ತೊಡಿಸಿ ಮ್ಯಾಟ್ ಮೇಲೆ ಆಡಿಸಿಯೇ ತೀರ್ಮಾನಿಸುವುದು ನ್ಯಾಯ. ಮ್ಯಾಟ್ ಮೇಲೆ ರೈಡರ್ ತಿರುಗುವ ವೇಗವೇ ಬೇರೆ.