ಟೋಲ್ ನಾಕಾದ ನೀರು

ಧಾರವಾಡದಲ್ಲಿ ಜೋರು ಮಳೆ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪಿಗೆ ಮೊದಲು ಬರೋದು ಟೋಲ್ ನಾಕಾದ ಫೋಟೋ. ಪಿ.ಬಿ. ರಸ್ತೆ ತುಂಬ ಕೆಂಪು ನೀರು, ಅದರ ನಡುವೆ ಬೈಕು ತಳ್ಳುವವರು. ‘ಗಟಾರ ಸರಿ ಇಲ್ಲ’ ಅಂತ ಬೈದು ನಾನೂ ಸುಮ್ಮನಾಗುತ್ತಿದ್ದೆ. ಒಮ್ಮೆ ಅಜ್ಜನಿಗೆ ಆ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿದವನೇ, “ನೀರು ರಸ್ತೆಕ್ ಬಂದಿಲ್ಲೋ ತಮ್ಮಾ, ರಸ್ತೇನ ನೀರಿನ ದಾರ್‍ಯಾಗ ಹೋಗೇತಿ” ಅಂದ.

ಆ ಮಾತು ಹಿಡಿದು ನಮ್ಮೂರ ಕೆರೆಗಳ ಕತೆ ಕೆದಕತೊಡಗಿದೆ.

ಹೆಸರುಗಳನ್ನೇ ನೋಡಿ: ಸಾಧನಕೇರಿ, ನುಗ್ಗಿಕೇರಿ, ಕೆಲಗೇರಿ. ಕೇರಿ ಅಂದರೆ ಓಣಿ ಅಂದುಕೊಂಡೇ ಬೆಳೆದವನು ನಾನು. ಆದರೆ ಈ ಮೂರೂ ಕಡೆ ಕೆರೆಗಳಿವೆ. ಧಾರವಾಡ ಕೂತಿರುವುದು ನೀರು ಎರಡು ದಿಕ್ಕಿಗೆ ಒಡೆಯುವ ದಿಬ್ಬದ ಮೇಲೆ. ಇಲ್ಲಿನ ಮಳೆಯ ಒಂದು ಪಾಲು ಶಾಲ್ಮಲೆ, ಬೇಡ್ತಿ ಹಿಡಿದು ಅರಬ್ಬಿ ಸಮುದ್ರಕ್ಕೆ; ಇನ್ನೊಂದು ಪಾಲು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಊರಲ್ಲಿ ದೊಡ್ಡ ಹೊಳೆ ಇಲ್ಲ. ಬಿದ್ದ ನೀರು ಜಾರಿ ಹೋಗುವ ಜಾಗ. ಅದಕ್ಕೇ ಹಿಂದಿನವರು ಅಲ್ಲಲ್ಲಿ ಒಡ್ಡು ಹಾಕಿ ಕೆರೆ ಕಟ್ಟಿಕೊಂಡರು.

ಒಂದು ಕಾಲಕ್ಕೆ ಧಾರವಾಡ ಕುಡಿದದ್ದು ಕೆಲಗೇರಿಯ ನೀರು, ಹುಬ್ಬಳ್ಳಿ ಕುಡಿದದ್ದು ಉಣಕಲ್ ಕೆರೆಯದು. ಹುಬ್ಬಳ್ಳಿಯಲ್ಲಿ ಬೆಳೆದ ಅಜ್ಜನಿಗೆ ಅದು ನೆನಪಿದೆ. “ಆ ಕೆರ್‍ಯಾಗ ಯಾರರ ಹೊಲಸು ಮಾಡಿದ್ರ ಓಣಿ ಮಂದಿನ ಜಗಳಕ್ಕ ನಿಲ್ತಿದ್ರು” ಅನ್ನುತ್ತಾನೆ. ಆಮೇಲೆ ಬೇಡ್ತಿಗೆ ಅಡ್ಡ ಕಟ್ಟಿದ ನೀರಸಾಗರ ಬಂತು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆ ಆಯಿತು. 1980ರ ದಶಕದಲ್ಲಿ ಸವದತ್ತಿ ಕಡೆಯಿಂದ ಮಲಪ್ರಭೆಯ ನೀರೂ ಪೈಪಿನಲ್ಲಿ ಬಂತು. ಒಳ್ಳೆಯದೇ. ಆದರೆ ಕುಡಿಯುವುದು ನಿಂತ ಮೇಲೆ ಕೆರೆ ಕಾಯುವುದೂ ನಿಂತಿತು. ಹೊಸ ಬಡಾವಣೆಗಳ ಹೊಲಸು ನೀರು ತಗ್ಗು ಹುಡುಕಿತು. ತಗ್ಗಿನಲ್ಲಿ ಕೆರೆ ಇತ್ತು. ಆ ನೀರಿನ ಸಾರಜನಕ, ರಂಜಕ ಉಂಡು ಉಣಕಲ್ಲಿನಲ್ಲಿ ಅಂತರಗಂಗೆ ಹಬ್ಬಿತು. ಕಿತ್ತು ಹಾಕಿದರೂ ಮತ್ತೆ ಬರುತ್ತದೆ, ಯಾಕಂದ್ರೆ ಅದರ ಊಟ ನಿಂತಿಲ್ಲ.

ಇನ್ನು ರಸ್ತೆ. ಪಿ.ಬಿ. ಅಂದರೆ ಪೂನಾ-ಬೆಂಗಳೂರು. ಉಣಕಲ್ ಕೆರೆಯ ಮಗ್ಗುಲಲ್ಲೇ ಹಾಯುವ ಈ ಹಳೇ ಹೆದ್ದಾರಿಯ ಮೇಲೆ 2018ರಲ್ಲಿ ಚಿಗರಿ ಬಸ್ ಓಡತೊಡಗಿತು, ಸುಮಾರು 22 ಕಿ.ಮೀ. ಊರಾಚೆಗೆ ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಬೈಪಾಸ್, ಅದೂ ಆಗ ಎರಡೇ ಲೇನು ಇತ್ತು. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿ ಹತ್ತಿರ ಏನಾಯಿತು ಅನ್ನುವುದನ್ನು ನಾವ್ಯಾರೂ ಮರೆತಿಲ್ಲ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಅಲ್ಲೇ ಜೀವ ಬಿಟ್ಟರು. ಮರುವರ್ಷ ಆರು ಪಥದ ಕೆಲಸಕ್ಕೆ ಶಂಕುಸ್ಥಾಪನೆ ಆಯಿತು. ಆ ರಸ್ತೆ ಅಗಲ ಆಗಬೇಕಿತ್ತು. ‘ಕೆರೆ ಉಳಿಸಿ, ರಸ್ತೆ ಬೇಡ’ ಅಂತ ಹೇಳುವ ಧೈರ್ಯ ನನಗಿಲ್ಲ.

ನನ್ನ ತಕರಾರು ಬೇರೆ. ರಸ್ತೆ ಎತ್ತರಿಸಿದರೆ ಅದೂ ಒಂದು ಒಡ್ಡೇ. ಕೆರೆಯ ಒಡ್ಡಿಗೆ ತೂಬು, ಕೋಡಿ ಎರಡೂ ಇರುತ್ತವೆ. ರಸ್ತೆಯ ಒಡ್ಡಿಗೆ ಇರುವುದು ಮೋರಿ ಮಾತ್ರ. ಮೋರಿ ಸಣ್ಣದಾದರೆ ನೀರು ಮೇಲುಗಡೆ ನಿಲ್ಲುತ್ತದೆ, ಕೆಳಗಿನ ಕೆರೆಗೆ ಮಳೆನೀರು ತಪ್ಪುತ್ತದೆ. ಆಗ ಕೆರೆಗೆ ವರ್ಷವಿಡೀ ತಪ್ಪದೆ ಬರೋದು ಗಟಾರದ ನೀರೊಂದೇ. ಡಾಂಬರಿನ ಮೇಲಿನ ಎಣ್ಣೆ, ಟೈರಿನ ಪುಡಿ ಮೊದಲ ಮಳೆಗೇ ಅದರ ಜೊತೆ ಸೇರುತ್ತವೆ.

ಈ ಮೋರಿಯ ಲೆಕ್ಕ ಯಾರದ್ದು? ಹೆದ್ದಾರಿ ಪ್ರಾಧಿಕಾರ ನೋಡುವುದು ಹೆದ್ದಾರಿಯನ್ನು. ಚಿಗರಿಗೆ ಬೇರೆ ಕಂಪನಿ. ಬಡಾವಣೆಯ ನಕ್ಷೆ ಹುಡಾದ್ದು, ಗಟಾರ ಪಾಲಿಕೆಯದು, ಕೆರೆ ಸಂರಕ್ಷಣೆಗೆ 2014ರದ್ದೊಂದು ರಾಜ್ಯ ಕಾಯ್ದೆ. ಅಷ್ಟೂ ಫೈಲುಗಳು ಬೇರೆ ಬೇರೆ. ನೀರು ಮಾತ್ರ ಒಂದೇ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಂಪುಟ ಒಪ್ಪಿತು. ಖುಷಿಯಿಂದ ಹೇಳಿದರೆ ಅಜ್ಜ ಕೇಳಿದ್ದು ಒಂದೇ: “ಹಳ್ಳ ಎಲ್ಲೆಲ್ಲಿ ಹರೀತಿದ್ವು ಅಂತ ಬರದ ಇಟ್ಟಾರೇನು?”

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯ ಕರಡಿಗೆ ನಾವು ನೀವು ಆಕ್ಷೇಪಣೆ ಬರೆದುಕೊಡಬಹುದು. ಮುಂದಿನ ಕರಡು ಬಂದ ದಿನ ನಾನು ಅಜ್ಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗುವವನಿದ್ದೇನೆ. ಅವನು ತೋರಿಸಿದ ಕಡೆಯೆಲ್ಲ ನಕ್ಷೆಯ ಮೇಲೆ ಗುರುತು ಹಾಕುತ್ತೇನೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಈಗಲೇ ಕೇಳಿ ಇಟ್ಟುಕೊಳ್ಳಿ.