ನಡಿಗಡ್ಡೆಯಿಂದ ‘ತೇಜೋ ತುಂಗಭದ್ರಾ’: ಕತ್ತಲಿಗೆ ದಾಖಲೆಯುಂಟು, ಅವಸರಕ್ಕೆ?

ಐಜದ ಹೊಲಗಳಿಗೆ ತುಂಗಭದ್ರೆಯ ನೀರು ರಾಜೋಳಿಬಂಡಾ ಕಾಲುವೆಯಲ್ಲಿ ಬರುತ್ತದೆ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನಡಿಗಡ್ಡೆ ಕಾಗದದ ಮೇಲೆ ತೆಲಂಗಾಣ. ಸಂತೆಯ ಮಾತಿನಲ್ಲಿ ಅರ್ಧ ರಾಯಚೂರು. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಕಾದಂಬರಿಯನ್ನು ಇಲ್ಲಿ ಕುಳಿತು ಓದುವವರಿಗೆ ಮೆಚ್ಚುಗೆಯ ಜೊತೆಗೆ ತಕರಾರೂ ಹುಟ್ಟುತ್ತದೆ.

ಮೊದಲ ತಕರಾರು ನಿಧಾನದ್ದು. ತೇಜೋ ನದಿಯ ದಡದ ಲಿಸ್ಬನ್ನಿನ ಬೆಲ್ಲಾ–ಗೇಬ್ರಿಯಲ್, ವಿಜಯನಗರ ಸೀಮೆಯ ಹಂಪಮ್ಮ–ಕೇಶವ, ಇವರ ಕಥೆಗಳು ಬಹುದೂರ ಬೇರೆಬೇರೆಯಾಗಿಯೇ ಹರಿಯುತ್ತವೆ. ಆದರೆ ಈ ನಿಧಾನ ದಂಡವಲ್ಲ. ಅಂಗಡಿ, ಹಡಗು, ಮದುವೆ, ಊರ ಕಟ್ಟಳೆಗಳಲ್ಲಿ ಓದುಗ ನೆಲೆಯೂರಿದ ಮೇಲೆಯೇ ಹಿಂಸೆಗೆ ತೂಕ ಬರುತ್ತದೆ.

ಎರಡನೆಯದು ಕತ್ತಲಿನದು: ಇಷ್ಟೊಂದು ಕ್ರೌರ್ಯ ಬೇಕಿತ್ತೆ? ಇಲ್ಲಿ ಕಾದಂಬರಿಕಾರರ ಪರ ವಾದಿಸಲು ದಾಖಲೆಗಳು ಸಾಲುಗಟ್ಟಿ ನಿಲ್ಲುತ್ತವೆ. ಪೋರ್ಚುಗಲ್ಲಿನ ಯಹೂದಿಗಳನ್ನು 1497ರಲ್ಲಿ ಬಲವಂತವಾಗಿ ಮತಾಂತರಿಸಲಾಯಿತು. 1506ರ ಏಪ್ರಿಲ್‌ನಲ್ಲಿ ಲಿಸ್ಬನ್ ಬೀದಿಗಳಲ್ಲಿ ಅದೇ ‘ಹೊಸ ಕ್ರೈಸ್ತ’ರ ಕಗ್ಗೊಲೆ ನಡೆಯಿತು. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸ್ ದಳಪತಿ ಆಲ್ಬುಕರ್ಕ್ ಅಲ್ಲಿನ ಮುಸ್ಲಿಮರನ್ನು ಕೊಲ್ಲಿಸಿ, ಅದನ್ನು ತನ್ನ ದೊರೆಗೆ ಹೆಮ್ಮೆಯಿಂದಲೇ ವರದಿ ಮಾಡಿದ. ಎರಡು ವರ್ಷದ ನಂತರ, ಪಕ್ಷ ಬದಲಿಸಿದ್ದ ಪೋರ್ಚುಗೀಸ್ ಸೈನಿಕರು ಶರಣಾದಾಗ, ಜೀವ ತೆಗೆಯುವುದಿಲ್ಲವೆಂದು ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡು ಅವರ ಮೂಗು, ಕಿವಿ, ಬಲಗೈ ಕಡಿಸಿದ. ವಿಜಯನಗರದ ಸಹಗಮನವನ್ನು ಪೋರ್ಚುಗೀಸ್ ಬರಹಗಾರರಾದ ನೂನಿಜ್, ಬಾರ್ಬೋಸಾ ಇಬ್ಬರೂ ವರ್ಣಿಸಿದ್ದಾರೆ. ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕರು ಕನ್ನಡ ಶಾಸನಗಳಲ್ಲಿ ಸಿಗುತ್ತಾರೆ. ವಿಜಯನಗರದ ದಿನಗಳನ್ನು ಹೊನ್ನಿನ ಕಾಲವೆಂದು ಶಾಲೆಯಲ್ಲಿ ಕಲಿತವರಿಗೆ ಇದು ಕಹಿಯೇ.

ದಾಖಲೆಯ ಬಲವೇ ಕೆಲವೆಡೆ ತೊಡಕೂ ಆಗಿದೆ. ಪಾತ್ರಗಳು ಒಂದೊಂದು ಪದ್ಧತಿಯನ್ನು ತೋರಿಸಲೆಂದೇ ಅದರ ಬಾಯಿಗೆ ಬಿದ್ದಂತೆ ಕಾಣುತ್ತವೆ. ಮೊದಲರ್ಧದಲ್ಲಿ ಅಷ್ಟು ತಾಳ್ಮೆ ತೋರಿದ ಕಥನ, ಎರಡು ನದಿಗಳನ್ನು ಕೂಡಿಸುವಾಗ ಅವಸರಕ್ಕೆ ಬೀಳುತ್ತದೆ.

ಆ ಕೂಡುವಿಕೆಯೇ ಅಸಂಭವವೆಂಬ ಆಕ್ಷೇಪವನ್ನು ಮಾತ್ರ ನಡಿಗಡ್ಡೆಯವರು ಒಪ್ಪಲಾರರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವ್ ದೆ ಫಿಗೆರೇದೊ ಎಂಬ ಪೋರ್ಚುಗೀಸನೊಬ್ಬ ತನ್ನ ಬಂದೂಕುಗಾರರೊಂದಿಗೆ ಅಲ್ಲಿದ್ದ. ಅವರು ಗೋಡೆಯ ಮೇಲಿನ ಕಾವಲಿಗರನ್ನು ಹೊಡೆದುರುಳಿಸಿದರೆಂದೂ, ಆ ಮರೆಯಲ್ಲಿ ರಾಯನ ಆಳುಗಳು ಕೋಟೆಯ ಕಲ್ಲುಗಳನ್ನು ಕಿತ್ತರೆಂದೂ ನೂನಿಜ್ ಬರೆಯುತ್ತಾನೆ. ತೇಜೋ ದಡದವರು ಈ ದೋಆಬಿನವರೆಗೂ ಬಂದಿದ್ದರು. ಕಾದಂಬರಿಯ ಕೊನೆಯ ಭಾಗಕ್ಕೆ ಬೇಕಿದ್ದದ್ದು ಇನ್ನಷ್ಟು ಪುಟಗಳು.