ಹರಿಕೇನ್: ಹತ್ತೊಂಬತ್ತು ವರ್ಷಗಳ ಮೌನ ಮುರಿದ ಗ್ರೇಸ್ ಜೋನ್ಸ್

'ಹರಿಕೇನ್' ಎಂದರೆ ಚಂಡಮಾರುತ. ಜಮೈಕಾ ಮೂಲದ ಗಾಯಕಿ, ರೂಪದರ್ಶಿ ಹಾಗೂ ನಟಿ ಗ್ರೇಸ್ ಜೋನ್ಸ್ ಅವರ ಹತ್ತನೆಯ ಸ್ಟುಡಿಯೋ ಆಲ್ಬಮ್‌ನ ಹೆಸರಿದು. 1989ರ 'ಬುಲೆಟ್‌ಪ್ರೂಫ್ ಹಾರ್ಟ್' ಬಳಿಕ ಹತ್ತೊಂಬತ್ತು ವರ್ಷ ಅವರ ಹೊಸ ಆಲ್ಬಮ್ ಬಂದಿರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಹೊರಬಂದ ಈ ಕೃತಿಯಲ್ಲಿ ಅವರ ವೃತ್ತಿಜೀವನದ ಎಳೆಗಳೆಲ್ಲ ಒಂದೆಡೆ ಕೂಡಿವೆ. ಕುಣಿತದ ಸಂಗೀತಕ್ಕೆ ಹೆಸರಾದವರು ಇಲ್ಲಿ ತಮ್ಮ ಮನೆತನದ ಕಥೆಯನ್ನು ನೇರವಾಗಿ ಹಾಡಿದ್ದಾರೆ.

ಗ್ರೇಸ್ ಹುಟ್ಟಿದ್ದು 1948ರಲ್ಲಿ, ಜಮೈಕಾದ ಸ್ಪ್ಯಾನಿಷ್ ಟೌನ್‌ನಲ್ಲಿ. ತಂದೆತಾಯಿ ಅಮೆರಿಕಕ್ಕೆ ತೆರಳಿದಾಗ ಮಕ್ಕಳು ಅಜ್ಜಿಯ ಮನೆಯಲ್ಲಿ ಉಳಿದರು. ಪೆಂಟೆಕೋಸ್ಟಲ್ ಪಂಥದ ಆ ಮನೆಯಲ್ಲಿ ಶಿಸ್ತು ಅತಿ ಕಠಿಣವಾಗಿತ್ತು. ಮುಂದೆ ಗ್ರೇಸ್ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿದ್ದ ತಂದೆತಾಯಿಯನ್ನು ಸೇರಿಕೊಂಡರು. ತಂದೆ ಬಿಷಪ್ ಆಗಿದ್ದರು. ಸಹೋದರ ನೋಯೆಲ್ ಜೋನ್ಸ್ ಕೂಡ ಅದೇ ದಾರಿ ಹಿಡಿದರು. ಗ್ರೇಸ್ ಹಿಡಿದದ್ದು ಪ್ಯಾರಿಸ್‌ನ ಫ್ಯಾಷನ್ ವೇದಿಕೆಯ, ನ್ಯೂಯಾರ್ಕ್‌ನ ಡಿಸ್ಕೋ ಕ್ಲಬ್‌ಗಳ ದಾರಿ.

1977ರಿಂದ 1979ರವರೆಗೆ ನಿರ್ಮಾಪಕ ಟಾಮ್ ಮೌಲ್ಟನ್ ಅವರೊಂದಿಗೆ ಮೂರು ಡಿಸ್ಕೋ ಆಲ್ಬಮ್‌ಗಳು ಬಂದವು. ಡಿಸ್ಕೋ ಅಲೆ ಇಳಿಯುತ್ತಿದ್ದಂತೆ ಐಲ್ಯಾಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ ಅವರು ಗ್ರೇಸ್ ಅವರನ್ನು ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋಗೆ ಕರೆತಂದರು. ಅಲ್ಲಿ ಜಮೈಕಾದ ಡ್ರಮ್ ವಾದಕ ಸ್ಲೈ ಡನ್‌ಬಾರ್ ಮತ್ತು ಬಾಸ್ ಗಿಟಾರ್ ವಾದಕ ರಾಬಿ ಶೇಕ್ಸ್‌ಪಿಯರ್ ಜೊತೆಯಾದರು. ಹುಟ್ಟೂರಿನ ರೆಗೆ ಲಯ ಹೀಗೆ ಅವರ ಹಾಡಿನ ತಳಹದಿಯಾಯಿತು. 1981ರ 'ನೈಟ್‌ಕ್ಲಬಿಂಗ್' ಆ ಅವಧಿಯ ಶ್ರೇಷ್ಠ ಫಲ.

1990ರ ದಶಕದಲ್ಲಿ ಹೊಸ ಆಲ್ಬಮ್‌ಗಾಗಿ ಯತ್ನಗಳು ನಡೆದರೂ ಯಾವುದೂ ಕೇಳುಗರನ್ನು ತಲುಪಲಿಲ್ಲ. ಕೊನೆಗೆ ಐವರ್ ಗೆಸ್ಟ್ ಅವರೊಂದಿಗೆ 'ಹರಿಕೇನ್' ರೂಪುಗೊಂಡಿತು. ಸ್ಲೈ, ರಾಬಿ, ವಾಲಿ ಬದರೂ ಮೊದಲಾದ ಹಳೆಯ ಸಂಗಾತಿಗಳು ಮರಳಿದರು. ಬ್ರಿಯಾನ್ ಈನೋ, ನೈಜೀರಿಯದ ಡ್ರಮ್ ವಾದಕ ಟೋನಿ ಅಲೆನ್ ಅವರೂ ಸೇರಿಕೊಂಡರು.

ಒಂಬತ್ತು ಹಾಡುಗಳ ಪೈಕಿ 'ವಿಲಿಯಮ್ಸ್ ಬ್ಲಡ್' ಆಲ್ಬಮ್‌ನ ಹೃದಯ. ವಿಲಿಯಮ್ಸ್ ಎಂಬುದು ತಾಯಿಯ ತವರಿನ ಹೆಸರು. ತಂದೆಯ ಕಡೆಯವರದು ಧರ್ಮಪೀಠದ ಬದುಕು. ತಾಯಿಯ ತಂದೆ ಸಂಗೀತಗಾರರು. ತನ್ನಲ್ಲಿ ಹರಿಯುವುದು ತಾಯಿಯ ಕಡೆಯ ರಕ್ತ ಎಂದು ಗ್ರೇಸ್ ಸಾರುತ್ತಾರೆ. ತಾಯಿಯ ಕಣ್ಣೀರನ್ನು ಕುರಿತ ಹಾಡೊಂದೂ ಇಲ್ಲಿದೆ. 'ಕಾರ್ಪೊರೇಟ್ ಕ್ಯಾನಿಬಲ್' ಮನುಷ್ಯರನ್ನು ನುಂಗುವ ಬೃಹತ್ ಕಂಪನಿಯ ದನಿಯಲ್ಲಿದೆ.

ಈ ಆಲ್ಬಮ್‌ನ ಧ್ವನಿಮುದ್ರಣವೂ ಜಮೈಕಾದ ಬಂಧುಗಳ ಭೇಟಿಯೂ ಸೋಫಿ ಫೈನ್ಸ್ ಅವರ 2017ರ ಸಾಕ್ಷ್ಯಚಿತ್ರ 'ಬ್ಲಡ್‌ಲೈಟ್ ಅಂಡ್ ಬಾಮಿ'ಯಲ್ಲಿವೆ. ಶೀರ್ಷಿಕೆಯ ಮೊದಲ ಪದ ಧ್ವನಿಮುದ್ರಣದ ವೇಳೆ ಸ್ಟುಡಿಯೋದಲ್ಲಿ ಉರಿಯುವ ಕೆಂಪು ದೀಪವನ್ನೂ, ಎರಡನೆಯದು ಜಮೈಕಾದ ಮನೆಗಳಲ್ಲಿ ಮರಗೆಣಸಿನಿಂದ ತಯಾರಿಸುವ ರೊಟ್ಟಿಯನ್ನೂ ಸೂಚಿಸುತ್ತವೆ. 'ಹರಿಕೇನ್' ಇವೆರಡನ್ನೂ ಒಟ್ಟಿಗಿಟ್ಟ ಕೃತಿ.